ಹೊಗೆ, ಮೆಣಸಿನಕಾಯಿ ಮತ್ತು ಶ್ವಾಸಕೋಶ: ಒಂದು ಚಾರಿತ್ರಿಕ ಅವಲೋಕನ

ನವಲಗುಂದ, ಕುಂದಗೋಳ, ಅಣ್ಣಿಗೇರಿ ಸೀಮೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸಿದ ಮೇಲೆ ಉಳಿಯುವ ಕಟ್ಟಿಗೆ ಮತ್ತು ಕುಳ್ಳು ಬಹುಕಾಲ ಒಲೆಯ ಉರುವಲಾಗಿದ್ದವು. ಹೀಗಾಗಿ ಇಲ್ಲಿಯ ಜನಪದ ಬದುಕಿನಲ್ಲಿ ಹೊಗೆ ಎರಡು ಬಗೆಯದು: ಹೆಣ್ಣುಮಕ್ಕಳ ಪಾಲಿಗೆ ಒಲೆಯದು, ಗಂಡಸರ ಪಾಲಿಗೆ ಬೀಡಿ–ಚಿಲುಮೆಯದು. ಬೀಸುವ ಕಲ್ಲಿನ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ ನಮ್ಮಂಥವರು ಹಾಡುಗಾರ್ತಿಯರ ಕೆಮ್ಮನ್ನು ಮಾತ್ರ ಅಳಿಸಿಹಾಕಿದೆವು. ನಾನೂ ಹಾಗೆ ಮಾಡಿದವನೇ.

ಒಲೆಯ ಹೊಗೆ ಪ್ರಾಚೀನವಾದುದು, ತಂಬಾಕಿನದು ಹಾಗಲ್ಲ. ಪೋರ್ಚುಗೀಸರ ಮೂಲಕ ಬಂದ ಈ ಎಲೆಯನ್ನು ಅಕ್ಬರನ ರಾಯಭಾರಿ ಅಸದ್ ಬೇಗ್ 17ನೆಯ ಶತಮಾನದ ಆರಂಭದಲ್ಲಿ ಕಂಡದ್ದು ನಮ್ಮ ಬಿಜಾಪುರದಲ್ಲಿಯೇ. ಅವನು ಆಗ್ರಾಕ್ಕೆ ಒಯ್ದಾಗ ಆಸ್ಥಾನದ ವೈದ್ಯ ವಿರೋಧಿಸಿದನು. ಬಾದಶಹ ಆದರೂ ಒಂದೆರಡು ದಮ್ಮು ಎಳೆದನು. ಮುಂದೆ ನಿಪ್ಪಾಣಿಯ ಕಡೆ ಬೀಡಿ ತಂಬಾಕು ವಾಣಿಜ್ಯ ಬೆಳೆಯಾಯಿತು. 1981ರಲ್ಲಿ ಅಲ್ಲಿಯ ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಚಳವಳಿ ಹೂಡಿದರು.

ತಂಬಾಕಿನ ಹೊಗೆಯಲ್ಲಿರುವ ಉತ್ಕರ್ಷಣಕಾರಿ ಕಣಗಳು ಶ್ವಾಸಕೋಶದ ಜೀವಕೋಶಗಳ ಡಿಎನ್‌ಎಯನ್ನು ಘಾಸಿಗೊಳಿಸುತ್ತವೆ. ಹೊಗೆಯ ಇತರ ವಿಷಗಳೂ ಜೊತೆಗೂಡುತ್ತವೆ. ಘಾಸಿ ಸರಿಹೋಗದೆ ಉಳಿದರೆ ಅರ್ಬುದಕ್ಕೆ ದಾರಿಯಾಗುತ್ತದೆ. ಉತ್ಕರ್ಷಣ ನಿರೋಧಕಗಳು ಆ ಕಣಗಳನ್ನು ತಣಿಸುತ್ತವೆ. ಕುಂದಗೋಳ ಕಡೆಯ ಬ್ಯಾಡಗಿ ಮೆಣಸಿನಕಾಯಿಯ ಕೆಂಪಿಗೆ ಕಾರಣವಾದ ಕ್ಯಾರೊಟಿನಾಯ್ಡ್‌ಗಳು ಇದೇ ಬಳಗದವು. ಬೀಟಾ ಕ್ಯಾರೊಟಿನ್ ಅವುಗಳಲ್ಲೊಂದು.

ಹಾಗಾದರೆ ಅದನ್ನು ಗುಳಿಗೆ ಮಾಡಿ ನುಂಗಿಸಿದರೆ? ಫಿನ್ಲೆಂಡಿನ 29,133 ಗಂಡಸು ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂದಿತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು! ಬೀಟಾ ಕ್ಯಾರೊಟಿನ್‌ನೊಂದಿಗೆ ಎ ಜೀವಸತ್ವವನ್ನೂ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ ಈ ಹೆಚ್ಚಳ ಶೇ. 28 ಆದುದರಿಂದ 1996ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಇಲಿಗಳಲ್ಲಿ ಒಂದು ಕಾರಣವನ್ನು ಕಂಡರು: ನಿರೋಧಕವು ಆರೋಗ್ಯವಂತ ಕೋಶವನ್ನಷ್ಟೇ ಅಲ್ಲ, ಅರ್ಬುದದ ಕೋಶವನ್ನೂ ಕಾಯುತ್ತದೆ.

ರೊಟ್ಟಿಯೊಂದಿಗಿನ ಹಕ್ಕರಿಕೆ, ಮೆಂತ್ಯೆಪಲ್ಲೆಗಳಿಗೆ ಈ ಆಪಾದನೆ ತಗಲುವುದಿಲ್ಲ; ಅವನ್ನು ತಿಂದು ಬೀಡಿ ಸೇದಬಹುದೆಂದೂ ಇದರ ಅರ್ಥವಲ್ಲ.

ಒಲೆಯ ಮಾತು ಉಳಿಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನೆಯೊಳಗಿನ ಕಟ್ಟಿಗೆಹೊಗೆಯನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. 2016ರ ಉಜ್ವಲಾ ಯೋಜನೆಯಿಂದ ಸಿಲಿಂಡರು ಹಳ್ಳಿಗೂ ಬಂದಿತು. ಆದರೆ ಕಲಘಟಗಿ ಕಡೆಯ ಒಬ್ಬ ಅಜ್ಜಿ ನನಗೆ ಹೇಳಿದ್ದು: “ಗ್ಯಾಸ್ ಚಹಾಕ್ಕಷ್ಟೇಪಾ ತಮ್ಮಾ, ರೊಟ್ಟಿಗೆ ಒಲೀನ ಬೇಕು.”