ಪಡದೆ: ಮರೆಸುತ್ತಿದ್ದ ಮಾತು ತೋರಿಸತೊಡಗಿದ ಬಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ‘ಪರದೆ’ ಅನ್ನುವವರಿಗಿಂತ ‘ಪಡದೆ’ ಅನ್ನುವವರೇ ಹೆಚ್ಚು. ಮಾತಿನ ಓಟದಲ್ಲಿ ಅದು ‘ಪಡದಿ’ಯೂ ಆಗುತ್ತದೆ. ಕಿಟಕಿಗೆ ಕಟ್ಟುವುದು ಪಡದಿ, ನಾಟಕದಲ್ಲಿ ಏಳುವುದು ಪಡದಿ, ಸಿನಿಮಾ ಬೀಳುವುದು ಪಡದಿಯ ಮೇಲೆ, ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ ತೂತು ಬಿದ್ದಿದೆ ಎನ್ನುವ ಕಿವಿಯ ಪೊರೆಯೂ ಪಡದಿ. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಬಾಯಿಗೆ ಬರುವುದು ಸ್ಕ್ರೀನ್, ಮಾನಿಟರ್, ಡಿಸ್ಪ್ಲೇ. ‘ಡಿಸ್ಪ್ಲೇ ಹೋಗೇತ್ರಿ’ ಎಂದು ರಿಪೇರಿ ಅಂಗಡಿಯವರು ಹೇಳುತ್ತಾರೆ. ‘ಪಡದಿ ಹೋಗೇತಿ’ ಎಂದು ಯಾರೂ ಹೇಳುವುದಿಲ್ಲ. ನನಗೆ ಈ ಪದದ ಮೇಲೆ ಅಕ್ಕರೆ. ದಿನವಿಡೀ ಪ್ರೋಗ್ರಾಮ್ ಬರೆಯುವವರು ಎಂಥ ಮಾನಿಟರ್ ಕೊಳ್ಳಬೇಕು, ಅದನ್ನು ಎಲ್ಲಿಡಬೇಕು ಎಂಬುದಕ್ಕೆ ಅರ್ಧ ಉತ್ತರ ಈ ಪದದ ಚರಿತ್ರೆಯಲ್ಲೇ ಇದೆ ಎಂದು ನಂಬಿದ್ದೇನೆ.

ಮೂಲ ಪಾರ್ಸಿಯ ‘ಪರ್ದಾ’. ಅಲ್ಲಿ ಅದಕ್ಕೆ ಮರೆ, ಮುಸುಕು, ತೂಗುಬಟ್ಟೆ ಎಂಬ ಅರ್ಥಗಳು. ಈ ಸೀಮೆ ಸುಮಾರು ಎರಡು ಶತಮಾನ ಬಿಜಾಪುರದ ಆದಿಲಶಾಹಿಯ ಕೈಯಲ್ಲಿತ್ತು. ದರ್ಬಾರು, ದಫ್ತರು, ಜಮೀನುಗಳ ಜೊತೆಗೆ ಪರ್ದಾವೂ ದಖನಿಯ ಬಾಯಿಂದ ಜನರ ಮಾತಿಗೆ ಇಳಿಯಿತು. ಮರಾಠಿ ಅದನ್ನು ‘ಪಡದಾ’ ಮಾಡಿಕೊಂಡಿತು, ದಕ್ಷಿಣದ ಕನ್ನಡ ‘ಪರದೆ’ ಎಂದಿತು. ಎರಡು ನುಡಿಗಳ ನಡುವೆ ಬದುಕುವ ನಮ್ಮ ಐದು ತಾಲೂಕುಗಳು ಮರಾಠಿಯ ಡಕಾರವನ್ನೂ ಕನ್ನಡದ ಎಕಾರವನ್ನೂ ಕೂಡಿಸಿ ‘ಪಡದೆ’ ಎಂದವು. ಇದನ್ನು ತಪ್ಪು ಉಚ್ಚಾರವೆಂದು ತಿದ್ದುವ ಮೇಷ್ಟ್ರುಗಳಿದ್ದಾರೆ. ತಿದ್ದಬಾರದು. ಪದ ಯಾವ ಹಾದಿಯಲ್ಲಿ ನಡೆದು ಬಂತೆಂಬ ಗುರುತು ಆ ಡಕಾರದಲ್ಲಿದೆ.

ಪರದೆ ಬರುವ ಮೊದಲು ಕನ್ನಡಕ್ಕೆ ತನ್ನದೇ ಮಾತು ಇರಲಿಲ್ಲವೇ? ಇತ್ತು, ‘ತೆರೆ’. ಸಂಸ್ಕೃತದಿಂದ ಬಂದ ‘ಜವನಿಕೆ’ಯೂ ಕಾವ್ಯದಲ್ಲಿತ್ತು. ಆದರೆ ಜನರ ಮಾತು ತೆರೆಯೇ. ಅಲೆ, ಮಡಿಕೆ, ಚರ್ಮದ ಸುಕ್ಕು, ಇಳಿಬಿಟ್ಟ ಬಟ್ಟೆ ಇವೆಲ್ಲ ಆ ಒಂದು ಪದದ ಅರ್ಥಗಳು. ತಮಿಳಿನ ‘ತಿರೈ’ ಇದರ ಒಡಹುಟ್ಟು. ಬಾಗಿಲನ್ನು ‘ತೆರೆ’ ಎನ್ನುವ ಕ್ರಿಯಾಪದ ಇದಲ್ಲ. ಹಳಗನ್ನಡದಲ್ಲಿ ಅದು ಶಕಟರೇಫದ ‘ತೆಱೆ’, ಬೇರೆಯೇ ಧಾತು. ಱಕಾರ ಬಳಕೆಯಿಂದ ಬಿದ್ದುಹೋದ ಮೇಲೆ ಮರೆಮಾಡುವ ಬಟ್ಟೆಯೂ ಮರೆ ಸರಿಸುವ ಕೆಲಸವೂ ಒಂದೇ ರೂಪದ ಪದಗಳಾದವು. ಶತಮಾನಗಳ ಕಾಲ ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಕಂಪ್ಯೂಟರಿನಲ್ಲಿ ಆಯಿತು. ಕೆಲವು ಕನ್ನಡ ಮೆನುಗಳಲ್ಲಿ ಕಡತ ಬಿಚ್ಚುವ ಆಜ್ಞೆಗೂ ‘ತೆರೆ’, ಸ್ಕ್ರೀನಿಗೂ ‘ತೆರೆ’. ಮೆನುವಿನ ಮಾತಿಗೆ ಹಿಂದುಮುಂದಿನ ವಾಕ್ಯದ ಆಸರೆ ಇರುವುದಿಲ್ಲ. ಒಂಟಿ ಪದ ನೋಡಿ ಕೈ ಒತ್ತಬೇಕು. ಅದಕ್ಕೇ ನನ್ನ ಮತ ಸ್ಪಷ್ಟ: ಬಿಚ್ಚುವುದಕ್ಕೆ ತೆರೆ ಇರಲಿ, ನೋಡುವುದಕ್ಕೆ ಪರದೆ ಇರಲಿ. ಪಾರ್ಸಿಯಿಂದ ಬಂದದ್ದೆಂದು ಅದನ್ನು ದೂರ ಇಡುವವರು, ತಾವು ಕೂತ ಕುರ್ಚಿಯೂ ಅರಬ್ಬಿಯಿಂದ ಬಂದದ್ದೆಂದು ನೆನೆಯಬೇಕು.

ಈಗ ಪದದ ಬದುಕಿನ ಮುಖ್ಯ ತಿರುವಿಗೆ ಬರೋಣ. ಬಯಲಾಟದಲ್ಲಿ ಇಬ್ಬರು ಹಿಡಿದು ನಿಲ್ಲುವ ತೆರೆಯ ಕೆಲಸ ವೇಷವನ್ನು ಮರೆಮಾಡುವುದು. ಕಿರೀಟದ ತುದಿಯಷ್ಟೇ ಕಾಣಬೇಕು, ಜನ ಕಾಯಬೇಕು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾಸ್ವಯಂವರ’ ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆ ಉತ್ತರ ಕನ್ನಡದ ಕಡೆಯಿಂದ ಬಂದು ಆಡಿ ತೋರಿಸಿದ ಭಾಗವತ ಮೇಳ. ಆಮೇಲೆ ಕಂಪನಿ ನಾಟಕಗಳು ಬಂದು, ಪರದೆಗೆ ಬಣ್ಣ ಬಂತು: ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ. ಅಲ್ಲಿಯವರೆಗೆ ಏನನ್ನೋ ಮುಚ್ಚುತ್ತಿದ್ದ ಬಟ್ಟೆ ಈಗ ತಾನೇ ನೋಡುವ ವಸ್ತುವಾಯಿತು. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ತಾಸೊಳಗೆ ಸಿಗುವ ಕೊಲ್ಹಾಪುರದಲ್ಲಿ ಈ ಕೆಲಸದಲ್ಲಿ ಹೆಸರು ಮಾಡಿದವರು ಆನಂದರಾವ್ ಮತ್ತು ಬಾಬೂರಾವ್ ಪೇಂಟರ್. ನಾಟಕದ ಪರದೆ ಬರೆಯುತ್ತಿದ್ದ ಬಾಬೂರಾವ್ ಮುಂದೆ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದರು. 1920ರಲ್ಲಿ ಅವರ ‘ಸೈರಂಧ್ರಿ’ ತೆರೆ ಕಂಡಿತು. ಬಣ್ಣದ ಪರದೆಯಿಂದ ಬೆಳಕಿನ ಪರದೆಗೆ ದಾಟಿದ್ದು ಒಬ್ಬನೇ ಮನುಷ್ಯನ ಕೈ. 1934ರಲ್ಲಿ ತೆರೆಗೆ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಚಿತ್ರೀಕರಣ ನಡೆದದ್ದೂ ಇದೇ ಕೊಲ್ಹಾಪುರದಲ್ಲಿ.

ಪದಕ್ಕೆ ಇನ್ನೊಂದು ಬದುಕೂ ಇದೆ. ಕಾಗವಾಡದ ಮಗ್ಗುಲಲ್ಲೇ ಇರುವ ಮಿರಜ ಸಿತಾರು ತಂಬೂರಿಗಳ ಊರು. ಸಿತಾರಿನ ಕೊರಳಿಗೆ ಅಡ್ಡಲಾಗಿ ಕಟ್ಟುವ ಬಾಗಿದ ಲೋಹದ ಕಡ್ಡಿಗಳಿಗೂ ಅಲ್ಲಿ ಪಡದೆ ಎಂದೇ ಹೆಸರು. ದಾರ ಬಿಗಿದ ಆ ಪಡದೆಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ಸ್ವರ ಬದಲಾಗುತ್ತದೆ. ಈ ಅರ್ಥವೂ ಪಾರ್ಸಿಯಿಂದಲೇ ಬಂದದ್ದು.

ನೋಡುವ ಪರದೆಗೇ ಮರಳಿದರೆ, ಅಲ್ಲಿ ಗಮನಿಸಬೇಕಾದ್ದು ಬೆಳಕಿನ ದಿಕ್ಕು. ನಾಟಕದ ಪರದೆಗೂ ಸಿನಿಮಾದ ಪರದೆಗೂ ಬೆಳಕು ಮುಂದಿನಿಂದ ಬೀಳುತ್ತದೆ. ಕಿಳ್ಳೇಕ್ಯಾತರ ತೊಗಲುಗೊಂಬೆಯ ಪರದೆಗೆ ಬೆಳಕು ಹಿಂದಿನಿಂದ. ತೊಗಲನ್ನು ಆಚೆಯ ಬೆಳಕು ಕಾಣುವಷ್ಟು ತೆಳುವಾಗಿ ಹದಮಾಡಿ, ಬಣ್ಣ ಹಾಕಿ, ಬಿಳಿ ಬಟ್ಟೆಗೆ ಆನಿಸಿ ಹಿಡಿಯುತ್ತಾರೆ. ಹಿಂದೆ ಉರಿಯುವ ದೀಪ ಗೊಂಬೆಯನ್ನು ಹಾಯ್ದು ಬಣ್ಣವಾಗಿ ನಮ್ಮ ಕಣ್ಣಿಗೆ ಬರುತ್ತದೆ. ಇಂದಿನ ಎಲ್‌ಸಿಡಿ ಮಾನಿಟರ್ ಇದೇ ಜಾತಿಯದು. ಹಿಂದೆ ಎಲ್‌ಇಡಿ ದೀಪ, ನಡುವೆ ಬೆಳಕನ್ನು ಬಿಡುವ ಅಥವಾ ತಡೆಯುವ ದ್ರವಸ್ಫಟಿಕದ ಪದರ, ಅದರ ಮುಂದೆ ಕೆಂಪು ಹಸಿರು ನೀಲಿಯ ಸೋಸುಗಾಜು. ತೊಗಲುಗೊಂಬೆ ಆಡಿಸುವವರು ನೋಡುವವರ ಕಡೆ ಯಾಕೆ ಕತ್ತಲೆ ಕೇಳುತ್ತಿದ್ದರು? ಮುಂದಿನ ಬೆಳಕು ಬಿದ್ದರೆ ಬಟ್ಟೆ ಬರೀ ಬಟ್ಟೆಯಾಗಿ ಕಾಣುತ್ತದೆ, ಗೊಂಬೆ ಮಾಸುತ್ತದೆ. ಮಾನಿಟರ್ ಇಡುವವರೂ ಇಷ್ಟನ್ನು ಕಲಿತರೆ ಸಾಕು. ನಮ್ಮ ಕಡೆಯ ಮನೆಗಳಲ್ಲಿ ಬೆಳಕು ಹೆಚ್ಚಾಗಿ ಮುಂಬಾಗಿಲಿನಿಂದ ಬರುತ್ತದೆ. ಬಾಗಿಲಿಗೆ ಬೆನ್ನು ಹಾಕಿ ಕೂತರೆ ಅಂಗಳವೆಲ್ಲ ಗಾಜಿನಲ್ಲಿ ಮೂಡುತ್ತದೆ. ಬಾಗಿಲಿಗೆ ಮುಖ ಮಾಡಿದರೆ ಮಾನಿಟರಿನ ಹಿಂದಿನ ಬಿಸಿಲು ಕಣ್ಣು ಕುಕ್ಕುತ್ತದೆ. ಬಾಗಿಲು ಎಡಕ್ಕೋ ಬಲಕ್ಕೋ ಇರಬೇಕು. ಹೊಳಪಿನ ಗಾಜು ಅಂಗಡಿಯಲ್ಲಿ ಅಂದವಾಗಿ ಕಾಣುತ್ತದೆ, ಕೆಲಸಕ್ಕೆ ಹೊಳಪಿಲ್ಲದ ಮ್ಯಾಟ್ ಮೇಲ್ಮೈಯೇ ಲೇಸು. ಕಪ್ಪು ಹಿನ್ನೆಲೆಯಲ್ಲಿ ಕೋಡ್ ಬರೆಯುವ ರೂಢಿ ಇದ್ದರಂತೂ ಇದು ಕಡ್ಡಾಯ. ಪ್ರತಿಬಿಂಬ ಎದ್ದು ಕಾಣುವುದು ಕಪ್ಪಿನಲ್ಲೇ.

‘ಮಾನಿಟರ್’ ಎಂಬ ಪದದ ಕಥೆ ಚಿಕ್ಕದು. ಲ್ಯಾಟಿನ್ನಿನಲ್ಲಿ ಅದು ನೆನಪಿಸುವವ, ಎಚ್ಚರಿಸುವವ. ಯಂತ್ರಕ್ಕಿಂತ ಬಹಳ ಮೊದಲು ಅದು ನಮ್ಮ ಶಾಲೆಗಳಿಗೆ ಬಂದಿತ್ತು. ಗದ್ದಲ ಮಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವ ಹುಡುಗ ಮಾನಿಟರ್. ಹಿರಿಯ ಹುಡುಗ ಕಿರಿಯರಿಗೆ ಹೇಳಿಕೊಡುವ ಮಾನಿಟರ್ ಪದ್ಧತಿಯನ್ನು ಆಂಡ್ರ್ಯೂ ಬೆಲ್ ಹದಿನೆಂಟನೆಯ ಶತಮಾನದ ಕೊನೆಗೆ ರೂಪಿಸಿದ್ದು ಮದ್ರಾಸಿನಲ್ಲಿ.

ಇನ್ನು ಕೊಳ್ಳುವ ಮಾನಿಟರಿನ ಇಂಚಿನ ಲೆಕ್ಕ ನೋಡಿ. ಮಾನಿಟರನ್ನು ಮೂಲೆಯಿಂದ ಮೂಲೆಗೆ ಅಳೆಯುವ ರೂಢಿ ಬಂದದ್ದು ಹಳೆಯ ಟಿವಿ ಕೊಳವೆಯ ಮುಖ ದುಂಡಗಿದ್ದ ಕಾಲದಿಂದ. ಆಗ ಅಳೆಯುತ್ತಿದ್ದದ್ದು ವ್ಯಾಸ. ಈ ಅಳತೆ ಓದುವವರಿಗೆ ಏನೂ ಹೇಳುವುದಿಲ್ಲ. ಕೇಳಬೇಕಾದ್ದು ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಎಂದು. 24 ಇಂಚಿನ, 1920×1080 ಚುಕ್ಕೆಗಳ ಮಾನಿಟರಿನಲ್ಲಿ ಇಂಚಿಗೆ ಸುಮಾರು 92. ಅಷ್ಟೇ ಚುಕ್ಕೆಗಳನ್ನು 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. ಅದೇ 27 ಇಂಚಿನಲ್ಲಿ 2560×1440 ಇದ್ದರೆ 109, 3840×2160 ಇದ್ದರೆ 163.

ಇಂಗ್ಲಿಷ್ ಅಕ್ಷರಕ್ಕೆ 92 ನಡೆಯುತ್ತದೆ. ಕನ್ನಡಕ್ಕೆ? ಅಂಗಡಿಗೆ ಹೋದಾಗ ಸಣ್ಣ ಅಕ್ಷರದಲ್ಲಿ ನಮ್ಮ ಊರುಗಳ ಹೆಸರನ್ನೇ ಟೈಪ್ ಮಾಡಿ ನೋಡಿ. ‘ಅಥಣಿ’ಯ ಥ ಒಳ್ಳೆಯ ಪರೀಕ್ಷೆ: ದಕಾರದ ಕೆಳಗೊಂದು ಸೀಳು ಕೊಟ್ಟರೆ ಧ, ಹೊಟ್ಟೆಯೊಳಗೊಂದು ಚುಕ್ಕೆಯೂ ಸೇರಿದರೆ ಥ. ಚುಕ್ಕೆ ಸುತ್ತಲಿನ ಗೆರೆಗೆ ಅಂಟಿಕೊಂಡರೆ ಅಥಣಿ ‘ಅಧಣಿ’ಯಾಗುತ್ತದೆ. ‘ಚಿಕ್ಕೋಡಿ’ಯ ಕ್ಕೋ ಇನ್ನೂ ಕಠಿಣ. ತಲೆಯ ಮೇಲೆ ಸ್ವರದ ಗುರುತು, ಕಾಲ ಕೆಳಗೆ ಒತ್ತು. ಒಂದೇ ಸಾಲಿನ ಎತ್ತರದಲ್ಲಿ ಮೂರು ಅಂತಸ್ತು. ‘ನಿಪ್ಪಾಣಿ’ಯ ಪಒತ್ತು ಕೆಳಗಿನ ಸಾಲಿಗೆ ತಾಗಬಾರದು. ಇಂಚಿಗೆ 82 ಚುಕ್ಕೆಯ ಪರದೆಯಲ್ಲಿ ಒತ್ತಕ್ಷರಕ್ಕೆ ಸಿಗುವುದು ಬೆರಳೆಣಿಕೆಯ ಚುಕ್ಕೆಗಳು, ಅಷ್ಟರಲ್ಲಿ ಪಒತ್ತು ಯಾವುದು ವಒತ್ತು ಯಾವುದು ಎಂದು ಕಣ್ಣು ತಿಣುಕಬೇಕು. ಹಾಗಾಗಿ ಕನ್ನಡದಲ್ಲಿ ಕೆಲಸ ಮಾಡುವವರಿಗೆ ನಾನು ಹೇಳುವುದು ಇಷ್ಟು: 1080ರ 27 ಇಂಚನ್ನು ಅಗ್ಗಕ್ಕೆ ಸಿಕ್ಕರೂ ತರಬೇಡಿ. ಕೈಯಲ್ಲಿ ಹಣ ಕಡಿಮೆ ಇದ್ದರೆ 24 ಇಂಚೇ ಸಾಕು, ಇದ್ದರೆ 1440 ಅಥವಾ ಅದಕ್ಕೂ ಮೇಲಿನದು. ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪ್ಯಾನೆಲ್ ಇರಲಿ. ಚಿಕ್ಕೋಡಿ, ನಿಪ್ಪಾಣಿಯ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಇಬ್ಬರು ಮೂವರು ಸೇರಿ ಒಂದೇ ಪ್ರಾಜೆಕ್ಟ್ ನೋಡುತ್ತಾರಲ್ಲ, ಅವರಿಗೆ ಇದು ಅಗತ್ಯ.

ಕೋಡಿನ ಸಾಲು 80 ಅಕ್ಷರಕ್ಕೆ ಮುಗಿಯಬೇಕೆಂಬ ಹಳೆಯ ಶಿಸ್ತು 1928ರ ಐಬಿಎಂ ರಂಧ್ರಕಾರ್ಡಿನದು. ಕಾರ್ಡು ಹೋಯಿತು, 1978ರ ವಿಟಿ100 ಟರ್ಮಿನಲ್ ಅದೇ 80 ಉಳಿಸಿಕೊಂಡಿತು, ಇಂದಿನ ಪೈಥಾನಿನವರ ಶೈಲಿನಿಯಮವೂ 79 ಎನ್ನುತ್ತದೆ. ಸಾಲು ಇಷ್ಟು ಗಿಡ್ಡವಾದಾಗ ಅಗಲದ ಪರದೆಯ ಬಲಭಾಗ ಖಾಲಿ ಬೀಳುತ್ತದೆ, ಎತ್ತರ ಸಾಲದಾಗುತ್ತದೆ. ಎರಡು ಮಾನಿಟರ್ ಇರುವವರು ಒಂದನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸುವುದು ಅದಕ್ಕಾಗಿ. ತಿರುಗುವ, ಎತ್ತರ ಬದಲಿಸುವ ಸ್ಟ್ಯಾಂಡ್ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ದೂರ ಒಂದು ತೋಳಿನಷ್ಟು.

ಕರೆಂಟಿನದೊಂದು ಮಾತು ನಮ್ಮ ಕಡೆ ಬಿಡುವಂತಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಾನಿಟರಿಗೆ ಇಲ್ಲ. ಹಳೆಯ 17 ಇಂಚಿನ ಕೊಳವೆ ಮಾನಿಟರ್ 70–80 ವ್ಯಾಟ್ ಉಣ್ಣುತ್ತಿತ್ತು, ಇಂದಿನ 24 ಇಂಚಿಗೆ 20–25 ವ್ಯಾಟ್ ಸಾಕು. ಸಣ್ಣ ಯುಪಿಎಸ್ ಒಂದರಲ್ಲಿ ಮಾನಿಟರನ್ನೂ ರೂಟರನ್ನೂ ಕೂಡಿಸಿಟ್ಟರೆ ಪುಣೆ ಬೆಂಗಳೂರಿನ ಕೆಲಸವನ್ನು ಊರಲ್ಲೇ ಕೂತು ಮಾಡುವವರ ಮೀಟಿಂಗು ನಡುವೆ ಕಡಿಯುವುದಿಲ್ಲ.

ನಮ್ಮ ತಾಲೂಕುಗಳ ಪ್ರೋಗ್ರಾಮರು ಬರೆಯುವ ಕೋಡ್ ಎಲ್ಲವೂ ಪರದೇಶದ ಕಂಪನಿಗಲ್ಲ. ಸಕ್ಕರೆ ಕಾರ್ಖಾನೆಗಳ ಸೀಮೆ ಇದು. ಕಬ್ಬು ತೂಗುವ ಕಾಟಾಕ್ಕೆ, ಹಾಲಿನ ಡೇರಿಗೆ, ಸೊಸೈಟಿಯ ಲೆಕ್ಕಕ್ಕೆ ಇಲ್ಲೇ ಸಾಫ್ಟ್‌ವೇರ್ ಬೇಕು. ಅಲ್ಲಿ ಪಡದೆಯ ಮರೆಸುವ, ತೋರಿಸುವ ಎರಡು ಅರ್ಥಗಳು ಒಂದೇ ಮೇಜಿನ ಮೇಲೆ ಎದುರಾಗುತ್ತವೆ. ಮಾನಿಟರ್ ಗುಮಾಸ್ತನ ಕಡೆಗಷ್ಟೇ ಮುಖ ಮಾಡಿದ್ದರೆ ರೈತನಿಗೆ ಕಾಣುವುದು ಅದರ ಬೆನ್ನು. ಅವನ ಪಾಲಿಗೆ ಅದು ಮರೆಯ ಪಡದೆ. ಅಂಥ ಕಡೆ ಎರಡನೆಯ ಪರದೆಯನ್ನು ಮೊದಲ ದಿನದ ಅಂದಾಜಿನಲ್ಲೇ ಬರೆದಿಡಬೇಕು: ಕಿಟಕಿಯಾಚೆಗೆ ಮುಖ, ಬಿಸಿಲಿನಲ್ಲೂ ಟ್ರ್ಯಾಕ್ಟರಿನ ಸೀಟಿನಿಂದ ಓದಬಹುದಾದ ದೊಡ್ಡ ಅಂಕಿ, ತುಂಬಿದ ತೂಕ, ಖಾಲಿ ತೂಕ, ಉಳಿದದ್ದು ಎಷ್ಟು ಎಂಬ ಮೂರು ಸಾಲು, ಕನ್ನಡದಲ್ಲಿ.