ರೆಕ್ಕೆಯ ವೇಗ ಇಳಿದ ಮಾರ್ಚ್

'ಆರ್ಕ್: ಸರ್ವೈವಲ್ ಇವಾಲ್ವ್ಡ್' ಎಂಬ ವಿಡಿಯೊ ಗೇಮ್ 2015ರ ಜೂನ್‌ನಲ್ಲಿ ಆಟಗಾರರ ಕೈಸೇರಿತು. ಡೈನೋಸಾರ್‌ಗಳ ದ್ವೀಪದಲ್ಲಿ ಬರಿಗೈಯಲ್ಲಿ ಎದ್ದು ಬದುಕಿಕೊಳ್ಳಬೇಕು. ಅಲ್ಲಿ ಹೆಚ್ಚಿನವರಿಗೆ ಮೊದಲು ದಕ್ಕುವ ಹಾರುವ ವಾಹನ ಟೆರನೊಡಾನ್. ಬೋಲಾ ಎಸೆದು ಕಟ್ಟಿಹಾಕಿ, ದೊಣ್ಣೆಯಿಂದಲೋ ಮತ್ತಿನ ಬಾಣದಿಂದಲೋ ಕೆಡವಿ, ಎಚ್ಚರವಾಗದಂತೆ ಮದ್ದು ತಿನ್ನಿಸುತ್ತ, ಮಾಂಸವಿಟ್ಟು ಕಾಯಬೇಕು. ಪಳಗಿಸುವುದು ಅನ್ನುವುದಕ್ಕಿಂತ ಅಪಹರಣ ಅನ್ನಬಹುದೇನೋ! ಜೀನು ಮಾಡಿಕೊಳ್ಳಲು ಆಟಗಾರ 38ನೇ ಹಂತ ಮುಟ್ಟಿರಬೇಕು. (1876ರಲ್ಲಿ ಓತ್ನಿಯಲ್ ಮಾರ್ಷ್ ಹೆಸರಿಟ್ಟ, ಕ್ಯಾನ್ಸಸ್ಸಿನ ಬಂಡೆಗಳಲ್ಲಿ ಸಿಕ್ಕ ನಿಜವಾದ ಟೆರನೊಡಾನ್ ಮೀನು ತಿಂದು ಬದುಕಿದ ಹಗುರ ಜೀವಿ, ಮನುಷ್ಯನನ್ನು ಹೊರುವ ಮೈ ಅದರದಲ್ಲ.)

ಈ ಲೋಕದ ಚರಿತ್ರೆಯಲ್ಲಿ ನನಗೆ ಮುಖ್ಯವೆನಿಸುವುದು 2017ರ ಮಾರ್ಚ್. ಅಲ್ಲಿಯವರೆಗೆ ವಾಹನ ಬಲಿತಂತೆಲ್ಲ ಅದರ ವೇಗವನ್ನೂ ಏರಿಸಬಹುದಿತ್ತು. ಕಾಡು, ಜೌಗು, ತೋಳದ ಹಿಂಡು ಎಲ್ಲ ಕೆಳಗೆ ಬರೀ ನಕ್ಷೆಯಾಗಿದ್ದವು. ನೆಲದ ಮೇಲೆ ಓಡುವ ಪ್ರಾಣಿಗಳನ್ನು ಸಾಕುವುದೇಕೆ? ತಯಾರಕರಾದ ಸ್ಟುಡಿಯೊ ವೈಲ್ಡ್‌ಕಾರ್ಡ್ ಆ ತಿಂಗಳ ಅಪ್‌ಡೇಟ್‌ನಲ್ಲಿ ಹಾರುವ ಪ್ರಾಣಿಗಳ ವೇಗ ಹೆಚ್ಚಿಸುವ ಸೌಲಭ್ಯವನ್ನೇ ಕಿತ್ತುಹಾಕಿತು. ಆಟಗಾರರು ಸಿಡಿದೆದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ: ಕಳೆದದ್ದು ಅಂಕಿಯಲ್ಲ, ಕೂತು ಕಾಯ್ದ ರಾತ್ರಿಗಳು. ಆದರೂ ನಾನು ತಯಾರಕರ ಪಕ್ಷ. ದೂರವೆಂಬುದೇ ಇಲ್ಲದ ದ್ವೀಪದಲ್ಲಿ ರೆಕ್ಕೆಗೇನು ಬೆಲೆ? ಈಗ ಕಡಲು ದಾಟುವಾಗ ವಾಹನದ ದಣಿವಿನ ಪಟ್ಟಿಯ ಮೇಲೆ ಕಣ್ಣಿಟ್ಟು, ಇಳಿಯಲು ಬಂಡೆಯೊಂದನ್ನು ಹುಡುಕುತ್ತಲೇ ಹಾರಬೇಕು.