ಹದಿನಾಲ್ಕನೇ ನಂಬರಿನ ಮನಿ

ಹೋದ ವರ್ಷ ಮಗಳ ಬಾಣಂತನಕ್ಕಂತ ಐರ್ಲೆಂಡಿನ ಡಬ್ಲಿನ್ನಿಗೆ ಹೋಗಿದ್ನೆಲ್ಲಾ, ಅಲ್ಲಿ ನೋಡಿದ ಮನಿ ಬಗ್ಗೆ ಬರಿ ಅಂತ ವೈನಿ ಗಂಟು ಬಿದ್ದಾರ. ಅರಮನಿ ಏನಲ್ಲ ಮತ್ತ. ಹೆನ್ರಿಯೆಟ್ಟಾ ಸ್ಟ್ರೀಟಿನ 14ನೇ ನಂಬರಿನ ಇಟ್ಟಂಗಿ ಮನಿ.

1714ರಿಂದ 1830ರ ತನಕ ಜಾರ್ಜ್ ಅನ್ನೋ ಹೆಸರಿನ ನಾಲ್ಕು ರಾಜರು ಒಬ್ಬರ ಹಿಂದ ಒಬ್ಬರು ಇಂಗ್ಲೆಂಡ್ ಆಳಿದ್ರು, ಐರ್ಲೆಂಡೂ ಅವರ ಕೈಯಾಗ ಇತ್ತು. ಆ ಕಾಲದ ಮನಿಗಳಿಗೆ ಜಾರ್ಜಿಯನ್ ಮನಿ ಅಂತಾರ. ಇದನ್ನ ಲ್ಯೂಕ್ ಗಾರ್ಡಿನರ್ ಅನ್ನೋ ಶ್ರೀಮಂತ 1740ರ ದಶಕದ ಕಡೀಕ ಕಟ್ಟಿಸಿದ.

ಹೊರಗಿಂದ ನೋಡಿದ್ರ, ಇದೇನವ್ವಾ ಇಷ್ಟು ಬೋಳು, ಅನಸ್ತದ. ಕೆಂಪು ಇಟ್ಟಂಗಿ ಗ್ವಾಡಿ ಮಗ್ಗಲ ಮನಿಗೆ ಅಂಟಿಕೊಂಡು ನೆಟ್ಟಗ ನಿಂತದ. ಕೂಡ್ಲಿಕ್ಕೆ ಒಂದು ಕಟ್ಟಿ ಸೈತ ಇಲ್ಲ. ಸೊಗಸೆಲ್ಲಾ ಕಿಟಕಿಯೊಳಗ. ದಾರ ಹಿಡಿದು ಇಟ್ಟಂಗ ಒಂದರ ಮ್ಯಾಲೊಂದು ಸಾಲು. ಬಾಗಲದಂಗ ತೆರಿಯೂದಿಲ್ಲ, ಮ್ಯಾಲಕ್ಕ ಎತ್ತಬೇಕು. ಚೌಕಟ್ಟಿನೊಳಗ ಹಗ್ಗಕ್ಕ ತೂಕದ ಗುಂಡು ಕಟ್ಟಿರ್ತಾರ, ಬಾವಿ ಗಡಗಡಿ ಇದ್ದಂಗ.

ಇನ್ನೊಂದು ನೋಡ್ರಿ. ಮೊದಲನೇ ಮಾಳಿಗಿ ಕಿಟಕಿ ಭಾಳ ಎತ್ತರ, ಮ್ಯಾಲ ಹೋದಂಗ ಗಿಡ್ಡ ಆಗ್ತಾವ. ಎತ್ತರದ ಕಿಟಕಿ ಹಿಂದ ಬಂದವರನ್ನ ಕೂಡಿಸೋ ದೊಡ್ಡ ಖೋಲಿ. ಇಂಥಾ ಮನ್ಯಾಗ ಅಡಗಿ ನೆಲಮಾಳಿಗಿಯೊಳಗ, ಮಕ್ಕಳು ಆಳುಮಂದಿ ತುತ್ತತುದಿಗೆ. ಮುಂದ ಮಾಲಕರಿಗೆ ದೊಡ್ಡ ಪಾವಟಗಿ, ಹಿಂದ ಆಳುಗಳಿಗೆ ಸಣ್ಣ ಪಾವಟಗಿ. ಯಾರ ಜಾಗಾ ಯಾವುದು ಅಂತ ಗ್ವಾಡೀನ ಹೇಳ್ತಿತ್ತು.

ಮೊದಲ ಲಾರ್ಡ್ ಮೋಲ್ಸ್‌ವರ್ತ್, ಅವನ ಹೆಂಡತಿ ಮೇರಿ ಇದ್ರು. 1801ಕ್ಕ ಡಬ್ಲಿನ್ನಿನ ಪಾರ್ಲಿಮೆಂಟ್ ಲಂಡನ್ನಿನೊಳಗ ಸೇರಿಹೋತು. ದೊಡ್ಡ ಮಂದಿ ಹೊಂಟ್ರು, ಓಣಿಯ ಕಳಾನೂ ಹೋತು. 14ನೇ ಮನ್ಯಾಗ ಸಾಲದಾಗ ಮುಳುಗಿದ ಜಮೀನುಗಳ ಕೋರ್ಟ್ ಕೂತಿತು, ಆಮ್ಯಾಲೆ ಸಿಪಾಯಿಗಳು ಬಂದ್ರು. 1877ರ ಸುಮಾರಿಗೆ ಥಾಮಸ್ ವ್ಯಾನ್ಸ್ ಅನ್ನಾಂವ ಆ ದೊಡ್ಡ ಪಾವಟಗೀನ ಕಿತ್ತಿಸಿ, ಆ ಜಾಗಾದಾಗೂ ಖೋಲಿ ಮಾಡಿ, ಇಡೀ ಮನಿ ತುಂಡು ತುಂಡು ಮಾಡಿ ಬಾಡಿಗಿಗೆ ಕೊಟ್ಟ. 1911ರ ಜನಗಣತಿಯೊಳಗ ಅಲ್ಲಿ 17 ಸಂಸಾರ, 100 ಮಂದಿ! ಒಂದು ಸಂಸಾರಕ್ಕಂತ ಕಟ್ಟಿದ ಮನ್ಯಾಗ.

ನಾ ಹುಬ್ಬಳ್ಳಿ ಚಾಳಿನ್ಯಾಗ ಬೆಳೆದಾಕಿ, ಎಂಟು ಮನಿಗೆ ಒಂದ ನಳ. 17 ಸಂಸಾರದ ಹೆಣ್ಣುಮಕ್ಕಳು ನೀರು ಹೊತ್ಕೊಂಡು ಆ ಸಣ್ಣ ಹಿಂದಿನ ಪಾವಟಗಿ ಹತ್ತೋದು ಹೆಂಗಿದ್ದೀತು ಅಂತ ನನಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಮಕ್ಕಳು ಮಲಗ್ತಿದ್ದದ್ದು ಲಾರ್ಡ್ ಸಾಹೇಬರು ಮಂದೀನ ಕರೀತಿದ್ದ ಖೋಲಿಯೊಳಗ. ಅಂಜಿಕಿನೂ ಇತ್ತು. 1913ರಾಗ ಅದ ಊರಿನ ಚರ್ಚ್ ಸ್ಟ್ರೀಟಿನೊಳಗ ಇಂಥಾವ ಎರಡು ಹಳೇ ಮನಿ ಕುಸಿದು 7 ಮಂದಿ ಸತ್ರು. ಆಮ್ಯಾಲೆ ಬಡವರ ಮನಿಗಳದು ಸರ್ಕಾರಿ ವಿಚಾರಣಿ ಆತು. ಆದ್ರೂ 14ನೇ ಮನ್ಯಾಗಿನ ಕಡೀ ಸಂಸಾರ ಹೋಗಿದ್ದು 1970ರ ದಶಕದ ಕಡೀಕ.

ನನಗ ಭಾಳ ಹಿಡಿಸಿದ್ದು ಗ್ವಾಡಿ ಬಣ್ಣ. ಬಾಡಿಗಿಮಂದಿ ಕಾಲದಾಗ ಓಡಾಡೋ ಜಾಗಾಕ್ಕ ಕೆಳಗ ಕೆಂಪು, ಮ್ಯಾಲ ನೀಲಿ ಬಳೀತಿದ್ರು. ಕೆಂಪು ಅಂದ್ರ ನಮ್ಮ ಕೆಮ್ಮಣ್ಣಿನಂಥಾದ್ದು. ನೀಲಿ ಅಂದ್ರ ಬಿಳೀ ಅರಿವಿಗೆ ಹಾಕೋ ನೀಲಿನ! ರೆಕಿಟ್ ಕಂಪನೀದು. ನಮ್ಮ ರಾಬಿನ್ ನೀಲೀನೂ ಅದ ಕಂಪನೀದು. ನಾ ಅಲ್ಲೇ ನಿಂತು, 'ಏ, ಇದು ನಮ್ಮ ನೀಲಿ' ಅಂತ ಜೋರಾಗಿ ಅಂದ್ನಿ. ಮಗಳು, 'ಅವ್ವಾ, ಸಣ್ಣಗ' ಅಂದ್ಲು.

2018ರಾಗ ಇದು ಮ್ಯೂಸಿಯಂ ಆತು. ರಿಪೇರಿ ಮಾಡೋವಾಗ ಆ ಕೆಂಪು-ನೀಲಿ ಕೆರೆದು ತಗದು, ಲಾರ್ಡ್ ಕಾಲದ ಹೊಳಪು ಬರೋಹಂಗ ಮಾಡಬಹುದಿತ್ತು. ಮಾಡಿಲ್ಲ. ಎರಡೂ ಉಳಿಸ್ಯಾರ. ಇದೊಂದು ಛಲೋ ಮಾಡಿದ್ರು ನೋಡ್ರಿ. ಅಲ್ಲಿ ಹೋದ್ರ ಅಂಗೈ ಹಚ್ಚಬ್ಯಾಡ್ರಿ, ಬೈತಾರ. ನಾ ಹಚ್ಚೇನಿ.